ಗಗನದಲ್ಲಿ ಎರಡು ಗ

ಒಂದು ಕಾಗದ ತಗೊಂಡು ‘ಗಗನ’ ಅಂತ ಬರೆಯಿರಿ. ಈಗ ಎರಡು ‘ಗ’ಗಳನ್ನೂ ಹತ್ತಿರದಿಂದ ನೋಡಿ. ಒಂದರ ತಲೆಕಟ್ಟು ಸ್ವಲ್ಪ ಉದ್ದ, ಇನ್ನೊಂದು ಕೂದಲೆಳೆಯಷ್ಟು ಕೆಳಗೆ ಜಾರಿರುತ್ತದೆ. ಇನ್ನೂ ಹತ್ತು ಸಲ ಬರೆದರೂ ಅಷ್ಟೇ. ಬೆರಳು ಪ್ರತಿ ಸಲ ಒಂದೇ ಬಲ ಹಾಕುವುದಿಲ್ಲ, ಪೆನ್ನಿನ ವೇಗ ಬದಲಾಗುತ್ತದೆ, ಹಿಂದಿನ ಅಕ್ಷರ ಎಲ್ಲಿ ಮುಗಿಯಿತೋ ಅದಕ್ಕೆ ತಕ್ಕಂತೆ ಮುಂದಿನದು ಶುರುವಾಗುತ್ತದೆ.

ಕೈಬರಹದ ಫಾಂಟ್ ಸಿಕ್ಕಿಬೀಳುವುದು ಇಲ್ಲೇ. ಪೋಸ್ಟರ್‌ಗೋ ಸ್ಟಿಕರ್‌ಗೋ ಹಾಕಿದ ತುಂಟ ಅಕ್ಷರ ಮೊದಲ ನೋಟಕ್ಕೆ ಯಾರೋ ಸ್ಕೆಚ್ ಪೆನ್ನಲ್ಲಿ ಬರೆದ ಹಾಗೇ ಇರುತ್ತದೆ, ಆಮೇಲೆ ಎರಡು ‘ಗ’ ಅಕ್ಕಪಕ್ಕ ಬಂದವು ಅನ್ನಿ, ಎರಡಕ್ಕೂ ಅದೇ ಜಾಗದಲ್ಲಿ ಅದೇ ಸೊಟ್ಟ ಬಾಲ, ಅಲ್ಲಿಗೆ ಬಣ್ಣ ಬಯಲು. ನೀಟಾದ ಅಚ್ಚಕ್ಷರ ಸಾವಿರ ಸಲ ಬಂದರೂ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸೊಟ್ಟ ಜಾಸ್ತಿ ಇದ್ದಷ್ಟೂ ನಕಲು ಬೇಗ ಗೊತ್ತಾಗುತ್ತದೆ!

ಫಾಂಟ್ ಒಳಗೆ ಇರುವುದು ಸಾಮಾನ್ಯವಾಗಿ ಬರಿ ಬಿಂದುಗಳು, ಅವುಗಳನ್ನು ಜೋಡಿಸುವ ಬೆಜಿಯೇ ಅನ್ನೋ ಬಾಗುಗೆರೆಗಳು. ಫ್ರಾನ್ಸಿನ ಇಂಜಿನಿಯರ್ ಪಿಯೆರ್ ಬೆಜಿಯೇ 1960ರ ದಶಕದಲ್ಲಿ ರೆನೋ ಕಾರುಗಳ ಮೈ ಬಳುಕಿಸಲು ಬಳಸಿದ ಅದೇ ಗಣಿತ ಇದು. ಕಾಗದದ ಮೇಲೆ ಬರೆದು, ಸ್ಕ್ಯಾನ್ ಮಾಡಿ, ಅಂಚನ್ನು ಗೆರೆಯಾಗಿಸುವ ಕೆಲಸ ಸಾಫ್ಟ್‌ವೇರ್ ಕೈಗೆ ಕೊಟ್ಟರೆ ಬೇಡದ ಬಿಂದುಗಳ ರಾಶಿಯೇ ಸುರಿಯುತ್ತದೆ. ಸುಮ್ನೆ ಎಲ್ಲವನ್ನೂ ಅಳಿಸಿದರೆ ಶಾಯಿಯ ನಡುಕವೂ ಹೋಗಿಬಿಡುತ್ತದೆ. ತಿರುವಿನಲ್ಲಿ ಪೆನ್ನು ನಿಧಾನವಾಗಿ ಗೆರೆ ಉಬ್ಬುತ್ತದಲ್ವಾ, ಅದನ್ನು ಉಳಿಸಿಕೊಳ್ಳಬೇಕು.

ಹಾಗಾದರೆ ಎರಡು ‘ಗ’ದ ಕಥೆ? 1989ರಲ್ಲಿ ಯುಸ್ಟ್ ಫಾನ್ ರೊಸ್ಸುಮ್, ಎರಿಕ್ ಫಾನ್ ಬ್ಲೊಕ್ಲಾಂಡ್ ಎಂಬ ನೆದರ್ಲೆಂಡ್ಸ್‌ನ ಇಬ್ಬರು ಬೇವುಲ್ಫ್ ಅನ್ನೋ ಫಾಂಟ್ ಮಾಡಿದರು. ಕೈಬರಹದ್ದಲ್ಲ, ಆದರೆ ಮುದ್ರಿಸುವಾಗ ಪ್ರಿಂಟರ್ ಪ್ರತಿ ಅಕ್ಷರದ ಬಿಂದುಗಳನ್ನು ಮನಬಂದಂತೆ ಅಲುಗಾಡಿಸುತ್ತಿತ್ತು. ಒಂದರಂತೆ ಇನ್ನೊಂದಿಲ್ಲ. ಈಗಿನ ಕೆಲವು ಕೈಬರಹದ ಫಾಂಟ್‌ಗಳು ಬಳಸುವುದು ಇದಕ್ಕಿಂತ ಬಡ ಉಪಾಯ: ಮೂರು ‘ಗ’ ಬರೆದಿಟ್ಟುಕೊಂಡು, ಹಿಂದೆ ಒಂದನೆಯದು ಬಂದಿದ್ದರೆ ಈಗ ಎರಡನೆಯದನ್ನು ಹಾಕು ಅಂತ ನಿಯಮ ಬರೆಯುವುದು. ಅದೃಷ್ಟದ ಆಟ ಏನೂ ಇಲ್ಲ, ಅದೇ ಸಾಲನ್ನು ಮತ್ತೆ ಟೈಪ್ ಮಾಡಿದರೆ ಅದೇ ಬರುತ್ತದೆ. ಆದರೂ ಕಣ್ಣು ನಂಬುತ್ತದೆ.

ಇಂಗ್ಲಿಷಿಗೆ ಇದು ಸಲೀಸು. ಚಿಕ್ಕದು ದೊಡ್ಡದು ಸೇರಿ 52 ಅಕ್ಷರ, ಮೂರು ಪಟ್ಟು ಮಾಡಿದರೆ 156. ಕನ್ನಡದಲ್ಲಿ 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ, ಜೊತೆಗೆ ಒತ್ತು. ‘ಗ’ಕ್ಕೆ ಗುಡಿಸು ಕೊಟ್ಟರೆ ತಲೆಕಟ್ಟೇ ಮಾಯವಾಗಿ ‘ಗಿ’ ಆಗುತ್ತದೆ, ಅದನ್ನು ಬೇರೆಯೇ ಬರೆಯಬೇಕು. ಅದಕ್ಕೂ ಮೂರು ರೂಪ ಬೇಕು ಅಂದರೆ ಬರೆಯುವವರ ಕೈ ಬಿದ್ದೇಹೋಗುತ್ತದೆ. ನನ್ನ ಕೇಳಿದರೆ ಎಲ್ಲದಕ್ಕೂ ಬೇಡ, ಜಾಸ್ತಿ ಬರುವ ಅಕ್ಷರಗಳಿಗೆ ಎರಡೆರಡು ಸಾಕು.

ಅಂದಹಾಗೆ, ಒಳ್ಳೆಯ ಫಾಂಟ್ ಹಾಕಿದ ಮೇಲೂ ‘ಗಗನ’ದಲ್ಲಿ ಅವಳಿಜವಳಿ ಕಂಡರೆ ಫಾಂಟನ್ನು ಬೈಯಬೇಡಿ. ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಕಾಂಟೆಕ್ಸ್ಚುವಲ್ ಆಲ್ಟರ್ನೇಟ್ಸ್ (ಅಕ್ಕಪಕ್ಕದ ಅಕ್ಷರ ನೋಡಿ ರೂಪ ಬದಲಿಸುವ ಸೆಟ್ಟಿಂಗ್) ಅನ್ನೋದು ಆಫ್ ಆಗಿದೆಯಾ ಅಂತ ಮೊದಲು ನೋಡಿ.