ನಾನು ಮಾಡದ ಖರೀದಿ ಕ್ರೆಡಿಟ್ ಕಾರ್ಡ್ ಬಿಲ್ಲಿನಲ್ಲಿದೆ, ಕಟ್ಟಲೇಬೇಕೆ?

ಪ್ರಶ್ನೆ: ಗುರುವಾರ ರಾತ್ರಿ ಹನ್ನೊಂದೂವರೆಗೆ ನನ್ನ ಕ್ರೆಡಿಟ್ ಕಾರ್ಡಿನಲ್ಲಿ ₹38,400 ಖರ್ಚಾಗಿದೆ ಅಂತ ಮೆಸೇಜ್ ಬಂತು. ಕಾರ್ಡ್ ನನ್ನ ಪರ್ಸಿನಲ್ಲೇ ಇದೆ, ಓಟಿಪಿ ಯಾರಿಗೂ ಹೇಳಿಲ್ಲ. ಕಸ್ಟಮರ್ ಕೇರ್‌ನವರು "ವಹಿವಾಟು ಸರಿಯಾಗಿಯೇ ನಡೆದಿದೆ, ಬಿಲ್ ಕಟ್ಟಿ" ಅನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಫೋನಿನಲ್ಲಿ ಒಬ್ಬರು "ಕಟ್ಟಿ" ಅಂದ ಮಾತ್ರಕ್ಕೆ ಕಟ್ಟಬೇಕಾಗಿಲ್ಲ. ಇಂಥ ಪ್ರಕರಣಗಳಲ್ಲಿ ಎಲ್ಲಕ್ಕಿಂತ ಹೆಚ್ಚು ತೂಗುವುದು ಎರಡು ಸಂಗತಿ. ಬ್ಯಾಂಕಿಗೆ ನೀವು ಯಾವಾಗ ತಿಳಿಸಿದಿರಿ? ತಿಳಿಸಿದ್ದಕ್ಕೆ ನಿಮ್ಮ ಕೈಯಲ್ಲಿ ಏನು ದಾಖಲೆ ಇದೆ?

ಅನಧಿಕೃತ ಎಲೆಕ್ಟ್ರಾನಿಕ್ ವಹಿವಾಟುಗಳಲ್ಲಿ ಗ್ರಾಹಕರ ಹೊಣೆ ಎಷ್ಟು ಎಂಬುದನ್ನು ಆರ್‌ಬಿಐ 2017ರ ಜುಲೈ 6ರ ಸುತ್ತೋಲೆಯಲ್ಲಿ ಗೊತ್ತುಮಾಡಿತು. ಆ ಸುತ್ತೋಲೆಯ ಪ್ರಕಾರ, ತಪ್ಪು ಬ್ಯಾಂಕಿನದಾಗಿದ್ದರೆ ನೀವು ಯಾವಾಗ ದೂರು ಕೊಟ್ಟರೂ ನಿಮ್ಮ ಹೊಣೆ ಸೊನ್ನೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ವ್ಯವಸ್ಥೆಯ ನಡುವೆ ಎಲ್ಲೋ ಮಾಹಿತಿ ಸೋರಿದೆ ಅಂತಾದರೆ, ಬ್ಯಾಂಕಿನ ಮೆಸೇಜ್ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆಯೂ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗೆ ತಿಳಿಸಿದರೆ, ಕಾರ್ಡಿನ ಮಿತಿ ₹5 ಲಕ್ಷದವರೆಗೆ ಇರುವವರು ಒಂದು ವಹಿವಾಟಿಗೆ ಹೆಚ್ಚೆಂದರೆ ₹10,000, ಅದಕ್ಕೂ ದೊಡ್ಡ ಮಿತಿಯವರು ಹೆಚ್ಚೆಂದರೆ ₹25,000 ಹೊರಬೇಕು. ಏಳು ದಿನ ದಾಟಿತೋ, ಆಯಾ ಬ್ಯಾಂಕಿನ ನೀತಿ ಹೇಳಿದಂತೆ. ಆರ್‌ಬಿಐ ನಿಯಮಗಳು ಪರಿಷ್ಕರಣೆ ಆಗುತ್ತಿರುತ್ತವೆ, ಹಾಗಾಗಿ ನಿಮ್ಮ ಬ್ಯಾಂಕಿನ ವೆಬ್‌ಸೈಟಿನಲ್ಲಿರುವ ಗ್ರಾಹಕ ಹೊಣೆಗಾರಿಕೆ ನೀತಿಯ ಈಗಿನ ಪ್ರತಿಯನ್ನು ಇಳಿಸಿಟ್ಟುಕೊಳ್ಳಿ. ದೂರಿನಲ್ಲಿ ಅದನ್ನೇ ಎತ್ತಿ ಬರೆಯಬಹುದು.

ದಿನ ಎಣಿಸುವಾಗ ಮೆಸೇಜ್ ಬಂದ ದಿನವನ್ನು ಬಿಡಬೇಕು. ನಿಮ್ಮ ಶಾಖೆಗೆ ರಜೆ ಇರುವ ದಿನವೂ ಲೆಕ್ಕಕ್ಕಿಲ್ಲ. ನಿಮಗೆ ಮೆಸೇಜ್ ಬಂದದ್ದು ಗುರುವಾರ. ಶುಕ್ರವಾರ ಒಂದು. ಮರುದಿನ ಎರಡನೇ ಶನಿವಾರವಾದರೆ ಅದೂ ಭಾನುವಾರವೂ ಬಿಟ್ಟುಹೋಗುತ್ತವೆ. ಸೋಮವಾರ ಎರಡು, ಮಂಗಳವಾರ ಮೂರು. ಇದು ಕೊನೆಯ ಗಡುವಿನ ಲೆಕ್ಕ ಅಷ್ಟೆ. ಒಂದು ಸಲ ಕದ್ದವರು ಕಾರ್ಡ್ ಬ್ಲಾಕ್ ಆಗುವವರೆಗೂ ಮತ್ತೆ ಮತ್ತೆ ಪ್ರಯತ್ನಿಸುತ್ತಾರೆ, ಆದ್ದರಿಂದ ಮೊದಲ ಫೋನ್ ಆ ರಾತ್ರಿಯೇ ಹೋಗಬೇಕು.

ಯಾರೋ ಮರುಳು ಮಾಡಿ ಓಟಿಪಿ ಹೇಳಿಸಿಕೊಂಡಿದ್ದರೂ ನಾಚಿಕೆಯಿಂದ ಸುಮ್ಮನಿರಬೇಡಿ. ಅಂಥ ಸಂದರ್ಭದಲ್ಲಿ ತಿಳಿಸುವ ತನಕದ ನಷ್ಟ ನಿಮ್ಮದು, ತಿಳಿಸಿದ ಮೇಲೆ ಆದದ್ದು ಬ್ಯಾಂಕಿನದು. ಒಂದೊಂದು ನಿಮಿಷವೂ ದುಡ್ಡೇ.

ಮೊದಲ ಫೋನ್‌ನಲ್ಲಿ ಏನು ಹೇಳಬೇಕು

ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿರುವ ನಂಬರಿಗೇ ಫೋನ್ ಮಾಡಿ. ಗಾಬರಿಯಲ್ಲಿ ಇಂಟರ್‌ನೆಟ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ, ವಂಚಕರೇ ಹಾಕಿಟ್ಟ ನಂಬರಿಗೆ ಕರೆ ಮಾಡಿ ಎರಡನೇ ಸಲ ಕಳೆದುಕೊಂಡವರಿದ್ದಾರೆ. ಆ್ಯಪ್‌ನಲ್ಲಿ ಕಾರ್ಡನ್ನು ತಾತ್ಕಾಲಿಕವಾಗಿ ಲಾಕ್ ಮಾಡುವುದು ಆ ಕ್ಷಣಕ್ಕೆ ಒಳ್ಳೆಯದೇ, ಆದರೆ ಅಷ್ಟು ಸಾಲದು. ಲಾಕ್ ತೆಗೆದರೆ ಅದೇ ನಂಬರ್, ಅದೇ ಸಿವಿವಿ (ಕಾರ್ಡಿನ ಮೇಲಿನ ಭದ್ರತಾ ಸಂಖ್ಯೆ) ಮತ್ತೆ ಜೀವ ಪಡೆಯುತ್ತವೆ. ಶಾಶ್ವತವಾಗಿ ಬ್ಲಾಕ್ ಮಾಡಿಸಿ, ಹೊಸ ನಂಬರಿನ ಕಾರ್ಡ್ ಕೇಳಿ.

ಇನ್ನು ನೀವು ಆಡುವ ಮಾತು. "ಓಟಿಪಿ ಬಂದಿತ್ತು ಸಾರ್, ಆಮೇಲೆ ದುಡ್ಡು ಹೋಯ್ತು" ಅಂದರೆ ಆ ಕಡೆಯವರು "ಗ್ರಾಹಕರು ಓಟಿಪಿ ಹಂಚಿಕೊಂಡಿದ್ದಾರೆ" ಅಂತ ಬರೆದುಕೊಳ್ಳುವ ಸಾಧ್ಯತೆ ಇದೆ. ಒಮ್ಮೆ ಹಾಗೆ ದಾಖಲಾದರೆ ತಿದ್ದಿಸುವುದು ಕಷ್ಟ. ನಡೆದದ್ದನ್ನೇ, ಆದರೆ ಬಿಡಿಸಿ ಹೇಳಿ: "ಈ ವಹಿವಾಟು ನಾನು ಮಾಡಿಲ್ಲ, ಮನೆಯವರೂ ಮಾಡಿಲ್ಲ. ಕಾರ್ಡ್ ನನ್ನ ಬಳಿಯೇ ಇದೆ. ಓಟಿಪಿ ಯಾರಿಗೂ ಕೊಟ್ಟಿಲ್ಲ. ವಂಚನೆ ಎಂದು ದಾಖಲಿಸಿ, ದೂರು ಸಂಖ್ಯೆ ಕೊಡಿ." ಸಂಖ್ಯೆ ಸಿಗದೆ ಫೋನ್ ಇಡಬೇಡಿ. ಕರೆಯ ಸಮಯ ಬರೆದಿಟ್ಟುಕೊಳ್ಳಿ, ಕಾಲ್ ಲಾಗ್‌ನ ಸ್ಕ್ರೀನ್‌ಶಾಟ್ ತೆಗೆಯಿರಿ. ಅವತ್ತೇ ಇಷ್ಟನ್ನೂ ಬ್ಯಾಂಕಿನ ಅಧಿಕೃತ ವಿಳಾಸಕ್ಕೆ ಇಮೇಲ್ ಮಾಡಿ: ಕಾರ್ಡಿನ ಕೊನೆಯ ನಾಲ್ಕು ಅಂಕಿ, ದಿನಾಂಕ, ಮೊತ್ತ, ಮೆಸೇಜಿನಲ್ಲಿರುವ ಅಂಗಡಿಯ ಹೆಸರು, ದೂರು ಸಂಖ್ಯೆ. ಪೂರ್ತಿ ಕಾರ್ಡ್ ನಂಬರನ್ನು ಇಮೇಲ್‌ನಲ್ಲಿ ಬರೆಯಲೇಬಾರದು.

"ವಹಿವಾಟು ಇನ್ನೂ ಪೆಂಡಿಂಗ್ ಇದೆ, ಬಿಲ್ಲಿಗೆ ಬಂದ ಮೇಲೆ ಹೇಳಿ" ಎಂದು ಬ್ಯಾಂಕಿನವರು ಅನ್ನುವುದುಂಟು. ಡಿಸ್ಪ್ಯೂಟ್ (ತಕರಾರು) ಫಾರಂ ಆಮೇಲೆ ತುಂಬಿದರೂ ಸರಿ, ವಂಚನೆಯ ದೂರು ಮಾತ್ರ ಈಗಲೇ ದಾಖಲಾಗಲಿ. ನಿಮ್ಮ ಮೂರು ದಿನಗಳ ಲೆಕ್ಕ ನಡೆಯುವುದು ಮೆಸೇಜ್ ಬಂದ ದಿನದ ಮೇಲೆ, ಬಿಲ್ ಬಂದ ದಿನದ ಮೇಲಲ್ಲ.

"ಓಟಿಪಿ ಹಾಕಿದ್ದಾರೆ" ಎಂಬ ಉತ್ತರ ಏಕೆ ಬರುತ್ತದೆ

ದುಡ್ಡು ವಾಪಸ್ ಬರುವ ದಾರಿಗೆ ಚಾರ್ಜ್‌ಬ್ಯಾಕ್ ಅನ್ನುತ್ತಾರೆ. ನಿಮ್ಮ ಬ್ಯಾಂಕು ವೀಸಾ, ಮಾಸ್ಟರ್‌ಕಾರ್ಡ್ ಅಥವಾ ರುಪೇ ಜಾಲದ ಮೂಲಕ ಅಂಗಡಿಯವರ ಬ್ಯಾಂಕಿನಿಂದ ಹಣ ಹಿಂದಕ್ಕೆ ಕೇಳುತ್ತದೆ. ವಿದೇಶಿ ವೆಬ್‌ಸೈಟುಗಳಲ್ಲಿ ಎಷ್ಟೋ ಕಡೆ ಕಾರ್ಡ್ ನಂಬರ್, ಅವಧಿ, ಸಿವಿವಿ ಇಷ್ಟಿದ್ದರೆ ಸಾಕು, ಓಟಿಪಿ ಕೇಳುವುದೇ ಇಲ್ಲ. ಅಲ್ಲಿ ವಂಚನೆಯಾದರೆ ನಷ್ಟ ಸಾಮಾನ್ಯವಾಗಿ ಅಂಗಡಿಯವರ ತಲೆಗೆ, ನಿಮ್ಮ ಬ್ಯಾಂಕಿಗೆ ವಾದ ಸುಲಭ. ಓಟಿಪಿ ಹಾಕಿ ನಡೆದ ವಹಿವಾಟಿನಲ್ಲಿ ಹೊಣೆ ಕಾರ್ಡ್ ಕೊಟ್ಟ ಬ್ಯಾಂಕಿನ ಮೇಲೆ ತಿರುಗುತ್ತದೆ. ಅಂಗಡಿಯವರಿಂದ ವಸೂಲಿ ಮಾಡಲು ಬ್ಯಾಂಕಿಗೆ ದಾರಿ ಇರುವುದಿಲ್ಲ. "ಚಾರ್ಜ್‌ಬ್ಯಾಕ್ ಹಕ್ಕಿಲ್ಲ" ಎಂಬ ಉತ್ತರದ ಹಿಂದೆ ಇರುವುದು ಇದೇ.

ಆದರೆ ಅದು ಬ್ಯಾಂಕು ಮತ್ತು ಅಂಗಡಿಯ ನಡುವಿನ ಲೆಕ್ಕ. ನಿಮ್ಮ ಮತ್ತು ಬ್ಯಾಂಕಿನ ನಡುವೆ ಇರುವುದು ಆರ್‌ಬಿಐ ನಿಯಮ, ಅದರ ಪ್ರಕಾರ ಗ್ರಾಹಕರದೇ ತಪ್ಪು ಅಂತ ಸಾಬೀತು ಮಾಡುವ ಭಾರ ಬ್ಯಾಂಕಿನದು. ಹಾಗಾಗಿ ಬರಹದಲ್ಲಿ ಕೇಳಿ: ಓಟಿಪಿ ಯಾವ ನಂಬರಿಗೆ, ಎಷ್ಟು ಗಂಟೆಗೆ ಹೋಯಿತು? ವಹಿವಾಟು ಯಾವ ಐಪಿ ವಿಳಾಸದಿಂದ (ಇಂಟರ್‌ನೆಟ್ ಸಂಪರ್ಕದ ಗುರುತಿನ ಸಂಖ್ಯೆ) ನಡೆಯಿತು? ಅಂಗಡಿ ಯಾವುದು, ಸಾಮಾನು ಎಲ್ಲಿಗೆ ಹೋಯಿತು? ಕ್ರೆಡಿಟ್ ಕಾರ್ಡ್ ಬಿಲ್ಲಿನ ಬಗ್ಗೆ ದೂರು ಕೊಟ್ಟರೆ 30 ದಿನಗಳೊಳಗೆ ವಿವರಣೆ, ಅಗತ್ಯವಿದ್ದರೆ ದಾಖಲೆ ಸಮೇತ, ಕೊಡಬೇಕೆಂದು ಆರ್‌ಬಿಐನ ಕಾರ್ಡ್ ನಿರ್ದೇಶನಗಳು ಹೇಳುತ್ತವೆ.

ಓಟಿಪಿ ಹೇಳದಿದ್ದರೂ ಹೇಗೆ ಹೋಯಿತು ಎಂಬುದನ್ನು ನಿಮ್ಮ ಫೋನಿನಲ್ಲೂ ಹುಡುಕಿ. ಟ್ರಾಫಿಕ್ ಚಲನ್, ಮದುವೆ ಕರೆಯೋಲೆ, ಬ್ಯಾಂಕ್ ಕೆವೈಸಿ ಎಂಬ ಹೆಸರಿನಲ್ಲಿ ವಾಟ್ಸ್‌ಆ್ಯಪ್‌ಗೆ ಬರುವ ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಫೈಲನ್ನು ಒತ್ತಿ ಇನ್‌ಸ್ಟಾಲ್ ಮಾಡಿದರೆ, ಅದು ಮೆಸೇಜ್ ಓದುವ ಅನುಮತಿ ಪಡೆದು ಓಟಿಪಿಯನ್ನು ವಂಚಕರಿಗೆ ರವಾನಿಸುತ್ತದೆ. ಅನುಮಾನ ಬಂದರೆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ. ಫೋನ್ ರೀಸೆಟ್ ಮಾಡುವ ಮೊದಲು ಆ ಫೈಲು, ಅದು ಬಂದ ಚಾಟು, ಅದಕ್ಕೆ ಕೊಟ್ಟ ಅನುಮತಿಗಳ ಪುಟ ಎಲ್ಲದರ ಫೋಟೊ ಇನ್ನೊಂದು ಫೋನಿನಲ್ಲಿ ತೆಗೆದಿಡಿ. ನೀವು ಓಟಿಪಿ ಹೇಳಿಲ್ಲ ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ. ಇದ್ದಕ್ಕಿದ್ದಂತೆ ಸಿಗ್ನಲ್ ಹೋಗಿದ್ದರೆ ಸಿಮ್ ಬದಲಾಗಿದೆಯೇ ಎಂದು ಮೊಬೈಲ್ ಕಂಪನಿಯಲ್ಲಿ ವಿಚಾರಿಸಿ.

ಪೊಲೀಸ್ ದೂರು

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲವೇ cybercrime.gov.in ತಾಣದಲ್ಲಿ ದಾಖಲಿಸಿ ಸ್ವೀಕೃತಿ ಸಂಖ್ಯೆ ಪಡೆಯಿರಿ. ಕರ್ನಾಟಕದಲ್ಲಿ ಇಂಥ ಪ್ರಕರಣಗಳಿಗೆ ಸೈಬರ್ ಅಪರಾಧ (ಸೆನ್) ಪೊಲೀಸ್ ಠಾಣೆಗಳಿವೆ. ಹಣ ವಾಲೆಟ್ಟಿಗೋ ಇನ್ನೊಂದು ಖಾತೆಗೋ ಹೋಗಿದ್ದರೆ ಅಲ್ಲೇ ತಡೆಹಿಡಿಯುವ ಸಾಧ್ಯತೆ ಮೊದಲ ಕೆಲವು ಗಂಟೆಗಳಲ್ಲಿ ಹೆಚ್ಚು. ಪೊಲೀಸರಿಗೆ ಹೇಳಿದ ವಿವರವೂ ಬ್ಯಾಂಕಿಗೆ ಬರೆದ ವಿವರವೂ ಒಂದೇ ಆಗಿರಲಿ. ಸಮಯದಲ್ಲಿ ಹೆಚ್ಚುಕಡಿಮೆಯಾದರೂ ಅದನ್ನೇ ಹಿಡಿದು ದೂರು ತಳ್ಳಿಹಾಕಬಹುದು.

ಬಿಲ್ಲಿನ ಕೊನೆ ದಿನ ಬಂದರೆ

ದೂರು ಕೊಟ್ಟ 10 ಕೆಲಸದ ದಿನಗಳೊಳಗೆ ಬ್ಯಾಂಕು ಆ ಮೊತ್ತವನ್ನು ತಾತ್ಕಾಲಿಕವಾಗಿ ನಿಮ್ಮ ಖಾತೆಗೆ ಜಮೆ ಮಾಡಬೇಕು, 90 ದಿನಗಳೊಳಗೆ ಹೊಣೆ ಯಾರದೆಂದು ತೀರ್ಮಾನಿಸಬೇಕು. ಆ ಜಮೆ ಬಂತೆಂದು ಗೆದ್ದಂತಲ್ಲ. ತೀರ್ಮಾನ ನಿಮ್ಮ ವಿರುದ್ಧ ಬಂದರೆ ವಾಪಸ್ ಹೋಗುತ್ತದೆ. ವಂಚನೆ ಎಂದು ತಕರಾರು ಹಾಕಿದ ಮೊತ್ತದ ಮೇಲೆ, ತಕರಾರು ಬಗೆಹರಿಯುವ ತನಕ ಶುಲ್ಕ ಹಾಕುವಂತಿಲ್ಲ.

ಇಲ್ಲಿ ಹಲವರು ಎಡವುವುದು ಆಟೊ ಡೆಬಿಟ್‌ನಲ್ಲಿ. ಪೂರ್ತಿ ಬಿಲ್ ತಾನಾಗಿಯೇ ಕಡಿತವಾಗುವಂತೆ ಇಟ್ಟಿದ್ದರೆ ತಕರಾರಿನ ಮೊತ್ತವೂ ಸೇರಿ ಉಳಿತಾಯ ಖಾತೆಯಿಂದ ಹೋಗಿಬಿಡುತ್ತದೆ. ಮೊದಲೇ ಬದಲಾಯಿಸಿ. ತಾತ್ಕಾಲಿಕ ಜಮೆ ಬರದಿದ್ದರೆ ತಕರಾರಿನ ಮೊತ್ತ ಬಿಟ್ಟು ಉಳಿದದ್ದನ್ನೆಲ್ಲ ಗಡುವಿನೊಳಗೆ ಕಟ್ಟಿ, "₹38,400 ದೂರಿನಲ್ಲಿರುವ ಮೊತ್ತ, ಅದನ್ನು ಬಿಟ್ಟು ಪೂರ್ತಿ ಕಟ್ಟಿದ್ದೇನೆ, ಬಾಕಿ ಎಂದು ಸಿಬಿಲ್‌ಗೆ ವರದಿ ಮಾಡಬೇಡಿ" ಎಂದು ಇಮೇಲ್ ಹಾಕಿ. ಸಿಟ್ಟಿನಲ್ಲಿ ಇಡೀ ಬಿಲ್ಲನ್ನೇ ನಿಲ್ಲಿಸಿದರೆ ನಿಮ್ಮದೇ ಖರೀದಿಗಳ ಮೇಲೆ ಬಡ್ಡಿ ಏರುತ್ತದೆ. ಆಗ ನ್ಯಾಯ ನಿಮ್ಮ ಕಡೆ ಇರುವುದಿಲ್ಲ.

ಫಾರಂ ತುಂಬುವ ಮುನ್ನ ಒಂದು ಸಲ ನೋಡಿಕೊಳ್ಳಿ: ಬಿಲ್ಲಿನಲ್ಲಿ ಅಂಗಡಿಯ ಬೋರ್ಡಿನ ಹೆಸರಿನ ಬದಲು ಕಂಪನಿಯ ನೋಂದಾಯಿತ ಹೆಸರೋ ಆನ್‌ಲೈನ್ ಪಾವತಿ ನಡೆಸಿಕೊಡುವ ಕಂಪನಿಯ (ಪೇಮೆಂಟ್ ಗೇಟ್‌ವೇ) ಹೆಸರೋ ಇರಬಹುದು. ಆ್ಯಡ್-ಆನ್ ಕಾರ್ಡಿನಲ್ಲಿ ಮನೆಯವರು ಕೊಂಡದ್ದಿರಬಹುದು. ಮರೆತ ಚಂದಾ, ಬಾರದ ಸಾಮಾನು, ಸಿಗದ ರಿಫಂಡ್ ಇವು ವಂಚನೆಯ ಕಾಲಂಗೆ ಸೇರುವುದಿಲ್ಲ. ಅವಕ್ಕೆ ಬೇರೆ ಬಗೆಯ ತಕರಾರಿದೆ, ಮೊದಲು ಅಂಗಡಿಯವರಿಗೆ ಬರೆದ ಪತ್ರ ಬೇಕು. ತಪ್ಪು ಕಾಲಂ ತುಂಬಿದರೆ ನಿಜವಾದ ದೂರೂ ತಿರಸ್ಕೃತವಾಗುತ್ತದೆ.

ಬ್ಯಾಂಕು ತಿರಸ್ಕರಿಸಿದರೆ, ಅಥವಾ 30 ದಿನ ಉತ್ತರವೇ ಕೊಡದಿದ್ದರೆ, ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ cms.rbi.org.in ತಾಣದಲ್ಲಿ ದೂರು ಹಾಕಬಹುದು, ಶುಲ್ಕ ಇಲ್ಲ. ಮಾಹಿತಿಗೆ 14448. ಆ 30 ದಿನಗಳ ಲೆಕ್ಕಕ್ಕೆ ನಿಮ್ಮ ಮೊದಲ ದೂರಿನ ದಿನಾಂಕ ಬೇಕು. "ದೂರು ಮುಕ್ತಾಯವಾಗಿದೆ" ಎಂಬ ಮೆಸೇಜ್ ಬಂದಾಗಲೆಲ್ಲ ಹೊಸ ದೂರು ದಾಖಲಿಸುತ್ತಾ ಹೋಗದೆ, ಹಳೆಯ ಸಂಖ್ಯೆಯನ್ನೇ ಮೇಲೆ ಬರೆದು ಅದೇ ಇಮೇಲಿಗೆ ಉತ್ತರವಾಗಿ ಮುಂದುವರಿಸಿ.