ಗಡಿ ದಾಟಿದರೆ ಹಕ್ಕು ಬದಲಾಗುವುದು ಯಾಕೆ? ಅಮೆರಿಕದ ಸರ್ಕಾರಿ ನೌಕರರ ಚೌಕಾಸಿಯ ಕಥೆ

ಓದುಗರ ಪ್ರಶ್ನೆ: ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರು ಸಂಘದ ಮೂಲಕ ಸಂಬಳ, ಕೆಲಸದ ಹೊತ್ತು ಎಲ್ಲದರ ಬಗ್ಗೆಯೂ ಮಾತುಕತೆ ನಡೆಸುತ್ತಾರೆ. ಬೇಕಾದರೆ ಮುಷ್ಕರವನ್ನೂ ಹೂಡುತ್ತಾರೆ. ಪಕ್ಕದ ವಿಸ್ಕಾನ್ಸಿನ್‌ನಲ್ಲಿ ಹಾಗೆ ಮಾಡುವಂತಿಲ್ಲ ಎಂದು ಓದಿದೆ. ಒಂದೇ ದೇಶ, ಒಂದೇ ಕೆಲಸ ಅಲ್ವಾ? ಹೀಗ್ಯಾಕೆ?

ಉತ್ತರ: ಇದಕ್ಕೆ ಕಾರಣ 1935ರ ಒಂದು ಕಾನೂನಿನಲ್ಲಿದೆ. ಆ ವರ್ಷ ಅಮೆರಿಕದಲ್ಲಿ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾಯ್ದೆ ಬಂತು. ಕಾರ್ಖಾನೆ, ಗಣಿ, ಕಂಪನಿಗಳ ಕೆಲಸಗಾರರು ಸಂಘ ಕಟ್ಟಿಕೊಂಡರೆ ಮಾಲೀಕರು ಅವರ ಜೊತೆ ಕೂತು ಮಾತಾಡಲೇಬೇಕು ಎಂದು ಅದು ಹೇಳಿತು. ಆದರೆ 'ಮಾಲೀಕ' ಅಂದರೆ ಯಾರು ಎಂದು ವಿವರಿಸುವ ಸಾಲಿನಲ್ಲಿ, ರಾಜ್ಯ ಸರ್ಕಾರಗಳು ಮತ್ತು ಅವುಗಳ ಕೆಳಗಿನ ಸಂಸ್ಥೆಗಳು ಇದರಲ್ಲಿ ಸೇರುವುದಿಲ್ಲ ಎಂದು ಬರೆದರು. ಆ ಒಂದೇ ಸಾಲಿನಿಂದ ಶಿಕ್ಷಕರು, ನರ್ಸ್‌ಗಳು, ಬಸ್ ಚಾಲಕರು, ಕಸ ಎತ್ತುವವರು, ಅಗ್ನಿಶಾಮಕ ಸಿಬ್ಬಂದಿ ಎಲ್ಲರೂ ಹೊರಗೆ ಉಳಿದರು. ಅವರ ವಿಷಯ ಆಯಾ ರಾಜ್ಯದ ಶಾಸನಸಭೆಗೆ ಹೋಯಿತು. ಹಾಗಾಗಿ ಅಲ್ಲಿ ಸರ್ಕಾರಿ ನೌಕರರ ಚೌಕಾಸಿಯ (ಸಂಘದ ಮೂಲಕ ಮಾತುಕತೆ ನಡೆಸಿ ಒಪ್ಪಂದ ಮಾಡಿಕೊಳ್ಳುವ) ಹಕ್ಕು ಅಂದರೆ ರಾಜ್ಯ ರಾಜಕೀಯದ ಹಕ್ಕು. ಚುನಾವಣೆಯಲ್ಲಿ ಬರುತ್ತದೆ, ಚುನಾವಣೆಯಲ್ಲೇ ಹೋಗುತ್ತದೆ.

ಆಗಿನ ನಾಯಕರು ಸುಮ್ನೆ ಮರೆತು ಬಿಟ್ಟದ್ದಲ್ಲ ಇದು. 1919ರಲ್ಲಿ ಬಾಸ್ಟನ್ ನಗರದ ಪೊಲೀಸರು ಮುಷ್ಕರ ಹೂಡಿದ್ದರು. ಊರಲ್ಲಿ ಲೂಟಿ ನಡೆಯಿತು. ಮುಷ್ಕರದ ವಿರುದ್ಧ ಗಟ್ಟಿಯಾಗಿ ನಿಂತ ಗವರ್ನರ್ (ಅಲ್ಲಿ ರಾಜ್ಯ ಸರ್ಕಾರದ ಚುನಾಯಿತ ಮುಖ್ಯಸ್ಥ) ಕ್ಯಾಲ್ವಿನ್ ಕೂಲಿಜ್ ಮುಂದೆ ದೇಶದ ಅಧ್ಯಕ್ಷರೇ ಆದರು. ಆ ಭಯ ಜನರ ಮನಸ್ಸಿನಲ್ಲಿತ್ತು. ಕಾರ್ಮಿಕರ ಪರ ಎಂದು ಹೆಸರಾಗಿದ್ದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕೂಡ 1937ರ ಒಂದು ಪತ್ರದಲ್ಲಿ, ಖಾಸಗಿ ಕಂಪನಿಯ ಚೌಕಾಸಿಯನ್ನು ಹಾಗ್ಹಾಗೇ ಸರ್ಕಾರಿ ಸೇವೆಗೆ ತರಲು ಆಗುವುದಿಲ್ಲ, ಇಲ್ಲಿ ಮಾಲೀಕರು ಇಡೀ ದೇಶದ ಜನ ಎಂಬರ್ಥದ ಮಾತು ಬರೆದರು.

ಮುಂದೆ ಬಂದದ್ದು 1959. ಈ ಕಥೆಯಲ್ಲಿ ನನಗೆ ಅತಿ ಮುಖ್ಯ ಅನಿಸುವ ವರ್ಷ ಇದು. ಆ ವರ್ಷ ವಿಸ್ಕಾನ್ಸಿನ್ ರಾಜ್ಯ ಪುರಸಭೆ, ಕೌಂಟಿ (ನಮ್ಮ ಜಿಲ್ಲೆಯಂಥದ್ದು), ಶಾಲೆಗಳ ನೌಕರರಿಗೆ ಚೌಕಾಸಿಯ ಹಕ್ಕು ಕೊಟ್ಟಿತು. ದೇಶದಲ್ಲೇ ಮೊದಲು. ಅದೇ 1959ರಲ್ಲಿ ನಾರ್ತ್ ಕ್ಯಾರೊಲೈನಾ ತದ್ವಿರುದ್ಧ ದಾರಿ ಹಿಡಿಯಿತು. ಯಾವುದೇ ಸರ್ಕಾರಿ ಸಂಸ್ಥೆ ನೌಕರರ ಸಂಘದ ಜೊತೆ ಒಪ್ಪಂದ ಮಾಡಿಕೊಂಡರೆ ಅದು ಅಸಿಂಧು ಎಂದು ಕಾನೂನು ಮಾಡಿತು. ಇಂದು ನೀವು ನೋಡುತ್ತಿರುವ ಭೇದ ಅಲ್ಲಿಂದಲೇ ಕವಲೊಡೆದದ್ದು. ಇಲಿನಾಯ್ ಆಗ ಈ ಸಾಲಿನಲ್ಲಿ ಇರಲೇ ಇಲ್ಲ. ಅಲ್ಲಿನ ಶಿಕ್ಷಕರಿಗೆ ಚೌಕಾಸಿಯ ಹಕ್ಕು ಕೊಡುವ ಕಾನೂನು ಜಾರಿಗೆ ಬಂದದ್ದು 1984ರಲ್ಲಿ. ಸಹಿ ಹಾಕಿದವರು ರಿಪಬ್ಲಿಕನ್ ಪಕ್ಷದ ಗವರ್ನರ್ ಜೇಮ್ಸ್ ಥಾಂಪ್ಸನ್. ಈಗಿನ ಪಕ್ಷಗಳ ಜಗಳವನ್ನು ನೋಡಿದವರಿಗೆ ಇದು ಅಚ್ಚರಿ ಅನಿಸಬಹುದು.

ಚೌಕಾಸಿ ಅಂದರೆ ಬರೀ ಸಂಬಳದ ಮಾತು ಅಂದುಕೊಳ್ಳಬೇಡಿ. ಮೆಂಫಿಸ್ ನಗರದ ಕಥೆ ಕೇಳಿ. 1968ರ ಫೆಬ್ರವರಿ 1ರಂದು ಮಳೆ ಸುರಿಯುತ್ತಿತ್ತು. ಕಸ ಎತ್ತುವ ಇಬ್ಬರು ಕಪ್ಪು ಕಾರ್ಮಿಕರು ಲಾರಿಯ ಹಿಂಭಾಗದಲ್ಲಿ ನಿಂತಿದ್ದರು. ಕಸ ಒತ್ತುವ ಯಂತ್ರ ತಾನಾಗಿ ಚಾಲೂ ಆಗಿ ಇಬ್ಬರನ್ನೂ ಒಳಗೆ ಎಳೆದು ಕೊಂದಿತು. ಯಂತ್ರಗಳು ಹಾಳಾಗಿವೆ ಎಂದು ಕೆಲಸಗಾರರು ಮೊದಲೇ ದೂರಿದ್ದರು. ಸುಮಾರು 1,300 ಮಂದಿ ಕೆಲಸ ನಿಲ್ಲಿಸಿದರು. 'ನಾನೂ ಒಬ್ಬ ಮನುಷ್ಯ' ಎಂದು ಬರೆದ ಫಲಕ ಹಿಡಿದು ನಡೆದರು. ಅವರು ಕೇಳಿದ್ದರಲ್ಲಿ ಮುಖ್ಯವಾದದ್ದು ಎರಡು: ನಮ್ಮ ಸಂಘವನ್ನು ಒಪ್ಪಿಕೊಳ್ಳಿ, ಸಂಘದ ಚಂದಾವನ್ನು ಸಂಬಳದಲ್ಲೇ ಕಡಿತ ಮಾಡಿಕೊಡಿ. ಮೇಯರ್ ಬಗ್ಗಲಿಲ್ಲ. ಆ ಹೋರಾಟಕ್ಕೆ ಬೆಂಬಲ ಕೊಡಲು ಬಂದಿದ್ದಾಗಲೇ ಮಾರ್ಟಿನ್ ಲೂಥರ್ ಕಿಂಗ್ ಏಪ್ರಿಲ್ 4ರಂದು ಅಲ್ಲಿ ಕೊಲೆಯಾದರು. ಏಪ್ರಿಲ್ 16ರಂದು ಒಪ್ಪಂದವಾಯಿತು. ಹಾಳಾದ ಲಾರಿಯ ಬಗ್ಗೆ ದೂರು ಕೊಟ್ಟರೆ ಕೇಳಿಸಿಕೊಳ್ಳುವವರು ಬೇಕಲ್ಲ. ಆ ಕಾರ್ಮಿಕರಿಗೆ ಚೌಕಾಸಿಯ ಮೇಜು ಬೇಕಾಗಿದ್ದುದು ಅದಕ್ಕಾಗಿ.

ಇನ್ನು ನಿಮ್ಮ ಪ್ರಶ್ನೆಯ ವಿಸ್ಕಾನ್ಸಿನ್‌ಗೆ ಬರೋಣ. ಹಕ್ಕನ್ನು ಮೊದಲು ಕೊಟ್ಟ ರಾಜ್ಯವೇ 52 ವರ್ಷಗಳ ನಂತರ ಅದನ್ನು ಕಿತ್ತುಕೊಂಡಿತು. 2010ರ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷ ಗವರ್ನರ್ ಹುದ್ದೆಯನ್ನೂ ಶಾಸನಸಭೆಯ ಎರಡೂ ಸದನಗಳನ್ನೂ ಗೆದ್ದಿತು. 2011ರ ಫೆಬ್ರವರಿಯಲ್ಲಿ ಹೊಸ ಗವರ್ನರ್ ಸ್ಕಾಟ್ ವಾಕರ್ ಒಂದು ಮಸೂದೆ ಮುಂದಿಟ್ಟರು. ರಾಜ್ಯಕ್ಕೆ ಎರಡು ವರ್ಷದ ಬಜೆಟ್‌ನಲ್ಲಿ 360 ಕೋಟಿ ಡಾಲರ್ ಕೊರತೆ ಬೀಳುತ್ತದೆ, ನೌಕರರು ಪಿಂಚಣಿಗೂ ಆರೋಗ್ಯ ವಿಮೆಗೂ ಕೈಯಿಂದ ಜಾಸ್ತಿ ಕೊಡಬೇಕು ಎಂಬುದು ಅವರ ವಾದ. ಸಂಘಗಳು ಇದಕ್ಕೆ ಒಪ್ಪಿದವು. ದುಡ್ಡು ಕೊಡುತ್ತೇವೆ, ಚೌಕಾಸಿಯ ಹಕ್ಕು ಮಾತ್ರ ಬಿಡಿ ಎಂದವು. ವಾಕರ್ ಒಪ್ಪಲಿಲ್ಲ. ಬಜೆಟ್ ನೆಪ, ಸಂಘಗಳ ಬಲ ಮುರಿಯುವುದೇ ಗುರಿ ಎಂದು ಎದುರಾಳಿಗಳು ಹೇಳಿದ್ದು ಇದೇ ಕಾರಣಕ್ಕೆ. ನನಗೂ ಆ ಮಾತು ಸರಿ ಅನಿಸುತ್ತದೆ.

ರಾಜ್ಯದ ರಾಜಧಾನಿ ಮ್ಯಾಡಿಸನ್‌ನ ಶಾಸನಸಭಾ ಭವನಕ್ಕೆ ಜನ ಹರಿದು ಬಂದರು. ಶಿಕ್ಷಕರು, ವಿದ್ಯಾರ್ಥಿಗಳು, ನರ್ಸ್‌ಗಳು ಅಮೃತಶಿಲೆಯ ನೆಲದ ಮೇಲೆ ಚಾದರ ಹಾಸಿ ರಾತ್ರಿಗಳನ್ನು ಕಳೆದರು. ಹತ್ತಿರದ ಪಿಜ್ಜಾ ಅಂಗಡಿಯೊಂದಕ್ಕೆ ಬೇರೆ ಬೇರೆ ದೇಶಗಳಿಂದ ಕರೆ ಬರುತ್ತಿತ್ತು: ದುಡ್ಡು ನಾವು ಕೊಡುತ್ತೇವೆ, ಒಳಗಿರುವವರಿಗೆ ಪಿಜ್ಜಾ ಕಳಿಸಿ. ಶಾಸನಸಭೆಯ ಮೇಲ್ಮನೆಯಾದ ಸೆನೆಟ್‌ನಲ್ಲಿ ಹಣಕಾಸಿನ ಮಸೂದೆಗೆ 20 ಸದಸ್ಯರು ಹಾಜರಿರಬೇಕು. ರಿಪಬ್ಲಿಕನ್ನರು 19 ಮಂದಿ. ಇದನ್ನು ಲೆಕ್ಕ ಹಾಕಿದ 14 ಡೆಮಾಕ್ರಟಿಕ್ ಸೆನೆಟರ್‌ಗಳು ರಾತ್ರೋರಾತ್ರಿ ಅಲ್ಲ, ಹಗಲಲ್ಲೇ ಗಡಿ ದಾಟಿ ಹೋದರು. ಎಲ್ಲಿಗೆ? ಅದೇ ಪಕ್ಕದ ಇಲಿನಾಯ್‌ಗೆ! ಸುಮಾರು ಮೂರು ವಾರ ಸೆನೆಟ್ ಕೈಕಟ್ಟಿ ಕೂತಿತು. ಕೊನೆಗೆ ಮಾರ್ಚ್ 9ರಂದು ರಿಪಬ್ಲಿಕನ್ನರು ಮಸೂದೆಯಿಂದ ಹಣಕಾಸಿನ ಭಾಗವನ್ನು ತೆಗೆದುಹಾಕಿ, ಉಳಿದದ್ದನ್ನು 18-1 ಮತಗಳಿಂದ ಪಾಸು ಮಾಡಿದರು. ಕಾಯ್ದೆಗೆ 'ಆಕ್ಟ್ 10' ಎಂಬ ಹೆಸರು ನಿಂತಿತು.

ಅದರಲ್ಲಿ ಏನಿದೆ ಎನ್ನುವುದನ್ನು ಹತ್ತಿರದಿಂದ ನೋಡಬೇಕು. ಸಂಘ ಚೌಕಾಸಿ ಮಾಡಬಹುದಾದದ್ದು ಮೂಲ ವೇತನದ ಬಗ್ಗೆ ಮಾತ್ರ. ಅದೂ ಬೆಲೆ ಏರಿಕೆಯ ಸೂಚ್ಯಂಕಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಜಾಸ್ತಿ ಬೇಕಿದ್ದರೆ ಜನಮತ ಗಣನೆಯಲ್ಲಿ ಮತದಾರರು ಒಪ್ಪಬೇಕು. ಕೆಲಸದ ಹೊತ್ತು, ವರ್ಗಾವಣೆ, ತರಗತಿಯ ಗಾತ್ರ ಯಾವುದೂ ಒಪ್ಪಂದದಲ್ಲಿ ಬರುವಂತಿಲ್ಲ. ಶಾಲಾ ಮಂಡಳಿಗೇ ಒಪ್ಪಂದ ಮಾಡಿಕೊಳ್ಳುವ ಮನಸ್ಸಿದ್ದರೂ ಆಗುವುದಿಲ್ಲ. ಸಂಬಳದಲ್ಲಿ ಚಂದಾ ಕಡಿತ ನಿಂತಿತು. ಮೆಂಫಿಸ್‌ನಲ್ಲಿ ಯಾವುದಕ್ಕಾಗಿ ಜನ ಬೀದಿಗಿಳಿದಿದ್ದರೋ ಅದೇ!

ಎಲ್ಲಕ್ಕಿಂತ ಬಿಗಿಯಾದ ಷರತ್ತು ವರ್ಷ ವರ್ಷದ ಮತದಾನ. ಸಂಘ ಉಳಿಯಬೇಕೆಂದರೆ ಪ್ರತಿ ವರ್ಷ ನೌಕರರು ಮತ ಹಾಕಿ ಅದನ್ನು ಮತ್ತೆ ಆರಿಸಬೇಕು. ಮತ ಹಾಕಿದವರಲ್ಲಿ ಬಹುಮತ ಸಾಲದು, ಒಟ್ಟು ನೌಕರರಲ್ಲಿ 51 ಶೇಕಡ ಬೇಕು. ಒಂದು ಶಾಲಾ ಜಿಲ್ಲೆಯಲ್ಲಿ 100 ನೌಕರರಿದ್ದಾರೆ ಅಂದುಕೊಳ್ಳಿ. 60 ಮಂದಿ ಮತ ಹಾಕಿದರು. 50 ಮಂದಿ ಸಂಘ ಬೇಕು ಎಂದರು, 10 ಮಂದಿ ಬೇಡ ಎಂದರು. ಸಂಘ ಸೋತಿತು! ಮನೆಯಲ್ಲಿ ಕೂತವರ ಮತವೆಲ್ಲ 'ಬೇಡ' ಎಂದು ಎಣಿಕೆಯಾಗುತ್ತದೆ. ಈ ಲೆಕ್ಕದಲ್ಲಿ ಚುನಾವಣೆ ನಡೆದರೆ ಶಾಸಕರಲ್ಲಿ ಎಷ್ಟು ಮಂದಿ ಗೆಲ್ಲುತ್ತಾರೆ? ಮುಂದಿನ ವರ್ಷಗಳಲ್ಲಿ ವಿಸ್ಕಾನ್ಸಿನ್‌ನ ಅತಿ ದೊಡ್ಡ ಶಿಕ್ಷಕರ ಸಂಘ ಅರ್ಧಕ್ಕಿಂತ ಜಾಸ್ತಿ ಸದಸ್ಯರನ್ನು ಕಳೆದುಕೊಂಡಿತು. 2017ರಲ್ಲಿ ಪಕ್ಕದ ಅಯೋವಾ ಕೂಡ ಇದೇ ಮಾದರಿಯ ಕಾನೂನು ತಂದಿತು.

ಜನಕ್ಕೆ ಇಷ್ಟವಿಲ್ಲದಿದ್ದರೆ ತಡೆಯಬಹುದಿತ್ತಲ್ವಾ ಎಂದು ನೀವು ಕೇಳಬಹುದು. ಅದೂ ಆಯಾ ರಾಜ್ಯದ ಕಾನೂನಿನ ಮೇಲೆ ನಿಂತಿದೆ. ಅದೇ 2011ರಲ್ಲಿ ಒಹಾಯೊ ರಾಜ್ಯವೂ ಇಂಥದ್ದೇ ಕಾನೂನು ಮಾಡಿತ್ತು. ಅಲ್ಲಿ ಸಹಿ ಸಂಗ್ರಹಿಸಿ ಕಾನೂನನ್ನು ಜನರ ಮತಕ್ಕೆ ಹಾಕುವ ದಾರಿ ಇದೆ. ನವೆಂಬರ್‌ನಲ್ಲಿ 60 ಶೇಕಡಕ್ಕೂ ಜಾಸ್ತಿ ಮತದಾರರು ಅದನ್ನು ತಿರಸ್ಕರಿಸಿದರು. ಅಲ್ಲಿನ ಕಾನೂನು ಪೊಲೀಸರನ್ನೂ ಅಗ್ನಿಶಾಮಕದವರನ್ನೂ ಬಿಟ್ಟಿರಲಿಲ್ಲ, ಅವರೂ ಎದ್ದು ನಿಂತರು. ವಿಸ್ಕಾನ್ಸಿನ್‌ನಲ್ಲಿ ಆ ದಾರಿ ಇಲ್ಲ. ಗವರ್ನರನ್ನೇ ವಾಪಸ್ ಕರೆಸುವ ಚುನಾವಣೆಯೊಂದೇ ಉಳಿದದ್ದು. 2012ರ ಜೂನ್ 5ರಂದು ಅದು ನಡೆಯಿತು. ವಾಕರ್ ಸುಮಾರು 53 ಶೇಕಡ ಮತ ಪಡೆದು ಉಳಿದುಕೊಂಡರು. ಕಾನೂನು ಬೇಡ ಎನ್ನುವುದು ಒಂದು, ಗವರ್ನರ್ ಮನೆಗೆ ಹೋಗಲಿ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಮತ ಹಾಕಿಸುವುದು ಬಹಳ ಕಷ್ಟ.

ಸರ್ಕಾರಿ ನೌಕರರ ಚೌಕಾಸಿಯನ್ನು ವಿರೋಧಿಸುವವರ ವಾದವನ್ನೂ ಕೇಳಬೇಕು. ಕಂಪನಿಯ ಮಾಲೀಕ ತನ್ನ ಲಾಭದಿಂದ ಸಂಬಳ ಕೊಡುತ್ತಾನೆ, ಸರ್ಕಾರ ಕೊಡುವುದು ತೆರಿಗೆ ಹಣದಿಂದ. ಸಂಘಗಳು ಚುನಾವಣೆಯಲ್ಲಿ ಯಾರಿಗೆ ಹಣ, ಜನಬಲ ಕೊಡುತ್ತವೋ ಅವರೇ ಗೆದ್ದ ಮೇಲೆ ಮೇಜಿನ ಆಚೆ ಕೂರುತ್ತಾರೆ. ಹಾಗಾದರೆ ತೆರಿಗೆ ಕಟ್ಟುವವನ ಪರ ಯಾರು? ಇದು ತೂಕದ ಪ್ರಶ್ನೆ. ಸಂಘಗಳ ಬಲವೂ ಸಣ್ಣದಲ್ಲ. 2024ರಲ್ಲಿ ಸರ್ಕಾರಿ ನೌಕರರಲ್ಲಿ ಸುಮಾರು 32 ಶೇಕಡ ಮಂದಿ ಸಂಘದ ಸದಸ್ಯರು, ಖಾಸಗಿ ಕ್ಷೇತ್ರದಲ್ಲಿ ಸುಮಾರು 6 ಶೇಕಡ ಮಾತ್ರ. ಆದರೆ ಈ ದೋಷಕ್ಕೆ ಮೇಜನ್ನೇ ಮುರಿಯುವುದು ಮದ್ದಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಮೇಜು ಇಲ್ಲದ ಕಡೆ ಜಗಳ ನಿಲ್ಲುವುದಿಲ್ಲ. ವೆಸ್ಟ್ ವರ್ಜೀನಿಯಾದಲ್ಲಿ ಶಿಕ್ಷಕರಿಗೆ ಚೌಕಾಸಿಯ ಕಾನೂನೂ ಇರಲಿಲ್ಲ, ಮುಷ್ಕರದ ಹಕ್ಕೂ ಇರಲಿಲ್ಲ. 2018ರಲ್ಲಿ ಅಲ್ಲಿನ 55 ಕೌಂಟಿಗಳಲ್ಲೂ ಶಾಲೆಗಳು ಒಂಬತ್ತು ದಿನ ಬಾಗಿಲು ಮುಚ್ಚಿದವು. ಕೊನೆಗೆ 5 ಶೇಕಡ ಸಂಬಳ ಏರಿಕೆ ಸಿಕ್ಕಿತು, ಬೇರೆ ಸರ್ಕಾರಿ ನೌಕರರಿಗೂ ಸೇರಿ.

ಇಲಿನಾಯ್ ಕಡೆ ಎಲ್ಲವೂ ಸಲೀಸು ಅಂತಲ್ಲ. ಅಲ್ಲಿನ ಸರ್ಕಾರಿ ನೌಕರ ಮಾರ್ಕ್ ಜೇನಸ್ ಸಂಘದ ಸದಸ್ಯರಾಗಿರಲಿಲ್ಲ. ಆದರೂ ಸಂಘ ಅವರ ಪರವಾಗಿಯೂ ಚೌಕಾಸಿ ಮಾಡುತ್ತದೆ ಎಂಬ ಕಾರಣಕ್ಕೆ ತಿಂಗಳಿಗೆ ಸುಮಾರು 45 ಡಾಲರ್ ಕಟ್ಟಬೇಕಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಇಡೀ ದೇಶದಲ್ಲಿ ಸರ್ಕಾರಿ ನೌಕರರಿಂದ ಇಂಥ ಶುಲ್ಕ ವಸೂಲಿ ನಿಂತಿತು. ಆದರೂ ಅಲ್ಲಿ ಮೇಜು ಉಳಿಯಿತು. 2019ರಲ್ಲಿ ಶಿಕಾಗೊ ಶಿಕ್ಷಕರು 11 ಶಾಲಾ ದಿನ ಮುಷ್ಕರ ಮಾಡಿ, ಪ್ರತಿ ಶಾಲೆಗೂ ಒಬ್ಬ ನರ್ಸ್ ಬೇಕು ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಂಡರು. 2022ರ ನವೆಂಬರ್‌ನಲ್ಲಿ ಇಲಿನಾಯ್ ಮತದಾರರು ಚೌಕಾಸಿಯ ಹಕ್ಕನ್ನು ರಾಜ್ಯದ ಸಂವಿಧಾನಕ್ಕೇ ಸೇರಿಸಿದರು. ಇನ್ನು ಅಲ್ಲಿ ಒಂದು ಚುನಾವಣೆ ಗೆದ್ದು ಬಂದ ಮಾತ್ರಕ್ಕೆ ಶಾಸನಸಭೆ ಅದನ್ನು ತೆಗೆಯಲಾಗದು. ವಿಸ್ಕಾನ್ಸಿನ್‌ನಲ್ಲಿ ಆದದ್ದನ್ನು ಕಣ್ಣಾರೆ ಕಂಡಿದ್ದರಲ್ಲ.

ಬೇರೆ ಕಡೆ ಎಳೆದಾಟ ನಡೆದೇ ಇದೆ. 2025ರಲ್ಲಿ ಯೂಟಾ ರಾಜ್ಯ ಶಿಕ್ಷಕರು, ಪೊಲೀಸರು, ಅಗ್ನಿಶಾಮಕದವರು ಎಲ್ಲರ ಚೌಕಾಸಿಯನ್ನೂ ನಿಷೇಧಿಸಿತು. ಸಂಘಗಳು 2.5 ಲಕ್ಷಕ್ಕೂ ಜಾಸ್ತಿ ಸಹಿ ಸಂಗ್ರಹಿಸಿ ಅದು ಜಾರಿಯಾಗದಂತೆ ನಿಲ್ಲಿಸಿದವು.

ವಿಸ್ಕಾನ್ಸಿನ್‌ನ ಆಕ್ಟ್ 10 ಕೂಡ ಕೋರ್ಟಿನ ಮುಂದೆ ಬಂತು. 2024ರ ಡಿಸೆಂಬರ್‌ನಲ್ಲಿ ಡೇನ್ ಕೌಂಟಿಯ ನ್ಯಾಯಾಧೀಶರು ಅದರ ಬಹುಭಾಗವನ್ನು ಅಸಾಂವಿಧಾನಿಕ ಎಂದರು. ತೀರ್ಪಿನ ವಿರುದ್ಧ ಮೇಲ್ಮನವಿಯೂ ಹೋಯಿತು. ನ್ಯಾಯಾಧೀಶರು ಎತ್ತಿ ಹಿಡಿದ ಅಂಶ ಇದು: ಆಕ್ಟ್ 10 ಸಾರ್ವಜನಿಕ ಸುರಕ್ಷತೆಯ ನೌಕರರಿಗೆ ಹಳೆಯ ಹಕ್ಕನ್ನು ಉಳಿಸಿತ್ತು. ಆದರೆ ಆ ಪಟ್ಟಿಯಲ್ಲಿ ಹೆದ್ದಾರಿ ಕಾಯುವ ರಾಜ್ಯ ಪೊಲೀಸರಿದ್ದಾರೆ, ಶಾಸನಸಭಾ ಭವನ ಕಾಯುವ ಕ್ಯಾಪಿಟಲ್ ಪೊಲೀಸರು ಇಲ್ಲ. 2011ರ ಆ ಚಳಿಗಾಲದಲ್ಲಿ, ಅಮೃತಶಿಲೆಯ ನೆಲದ ಮೇಲೆ ಮಲಗಿದ್ದ ಶಿಕ್ಷಕರ ನಡುವೆ ಕಾವಲು ನಿಂತಿದ್ದವರ ಹಕ್ಕೂ ಅದೇ ಸಹಿಯಲ್ಲಿ ಹೋಗಿತ್ತು.