ಕರ್ಣಕುಂಡಲ: ನೆರಳಿನ ತೋಟದ ಕಾಡುಹೂವು ಮತ್ತು ಅದರ ಹೂವಿನ ಲೆಕ್ಕ

ನರ್ಸರಿಯಲ್ಲಿ ಬಾಲ್ಸಮ್ ಅಂತ ಕೇಳಿದರೆ ಕೊಡುವ ಗಿಡವೇ ಕರ್ಣಕುಂಡಲ. ವೈಜ್ಞಾನಿಕ ಹೆಸರು ಇಂಪೇಷಿಯನ್ಸ್ ಬಾಲ್ಸಮಿನಾ. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಕೊಟ್ಟ ಹೆಸರು ಇದು. ಅಜ್ಜಿಮನೆಯ ಅಂಗಳದಲ್ಲಿ ನೋಡಿ ನೋಡಿ ಇದನ್ನು ಸಾಕಿದ ಗಿಡ ಅಂತಲೇ ಅಂದುಕೊಂಡಿರುತ್ತೇವೆ. ಆದರೆ ಮೂಲದಲ್ಲಿ ಇದು ನಮ್ಮ ಕಡೆಯ ಕಾಡಂಚಿನ ಹೂವು. ಮಳೆಗಾಲದಲ್ಲಿ ಘಟ್ಟದ ರಸ್ತೆಯ ಪಕ್ಕದ ದರೆ, ತೊರೆಯ ಅಂಚು, ಮರದ ಕೆಳಗಿನ ತೇವದ ನೆಲ, ಇಂಥ ಕಡೆ ತಾನಾಗಿಯೇ ಹುಟ್ಟಿ ಹೂ ಬಿಡುತ್ತದೆ.

ಇಂಪೇಷಿಯನ್ಸ್ ಕುಲದಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ಅವು ದಟ್ಟವಾಗಿ ಸಿಗುವ ಕೆಲವೇ ಜಾಗಗಳಲ್ಲಿ ಪಶ್ಚಿಮ ಘಟ್ಟವೂ ಒಂದು. ಇಲ್ಲಿನ ಹೆಚ್ಚಿನವು ಬೇರೆಲ್ಲೂ ಬೆಳೆಯುವುದಿಲ್ಲ. ನೀರು ಜಿನುಗುವ ಬಂಡೆಗೆ ಅಂಟಿಕೊಂಡು ಬೆಳೆಯುವ ಇಂಪೇಷಿಯನ್ಸ್ ಅಕಾಲಿಸ್ ಇದೆ. ಹಳದಿ ಹೂವಿನ ಇಂಪೇಷಿಯನ್ಸ್ ಡಾಲ್ಜೆಲ್ಲಿಯೈ ಇದೆ. ಅವೆಲ್ಲ ಚೆಂದವೇ. ಆದರೆ ಅವುಗಳಿಗೆ ತಮ್ಮದೇ ಬಂಡೆ, ತಮ್ಮದೇ ಮಂಜು ಬೇಕು. ಮನೆ ಹಿತ್ತಲಿಗೆ ಹೊಂದಿಕೊಳ್ಳುವುದು ಕರ್ಣಕುಂಡಲ. ಹಾಗಾಗಿ ಈ ಟಿಪ್ಪಣಿ ಅದೊಂದರ ಬಗ್ಗೆ ಮಾತ್ರ.

ಯಾಕೆ ಇದೇ ಹೂವು?

ಜೇನು, ಚಿಟ್ಟೆ ಬರಲಿ ಅಂತ ಗಿಡ ಹುಡುಕಲು ಹೊರಟರೆ ಸಿಗುವ ಪಟ್ಟಿಯಲ್ಲಿ ಮುಕ್ಕಾಲು ಪಾಲು ಪೂರ್ತಿ ಬಿಸಿಲು ಕೇಳುವ ಗಿಡಗಳೇ. ಮರದ ಕೆಳಗೆ, ಮನೆಯ ಪೂರ್ವದ ಗೋಡೆಯ ಬುಡದಲ್ಲಿ, ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಏನು ನೆಡುವುದು? ಅಲ್ಲಿಗೆ ಅಂತ ನರ್ಸರಿಯವರು ಸಾಮಾನ್ಯವಾಗಿ ಕೊಡುವುದು ಇಂಪೇಷಿಯನ್ಸ್ ವಾಲೆರಿಯಾನಾ. ಅದೂ ಇದೇ ಕುಲದ್ದು, ನೆರಳಿನಲ್ಲಿ ವರ್ಷವಿಡೀ ಹೂ ಬಿಡುತ್ತದೆ. ಆದರೆ ಅದು ಪೂರ್ವ ಆಫ್ರಿಕಾದ ಗಿಡ. ನಮ್ಮದೇ ನೆಲದ ಅಕ್ಕ ಇಲ್ಲಿರುವಾಗ ಅಷ್ಟು ದೂರದ್ದನ್ನು ಯಾಕೆ ತರಬೇಕು ಅನ್ನುವುದು ನನ್ನ ನಿಲುವು.

ಈ ಕುಲದ ಗಿಡಗಳು ಊರು ಬಿಟ್ಟು ಹೋದರೆ ಏನಾಗಬಹುದು ಅನ್ನುವುದಕ್ಕೆ ಒಂದು ಉದಾಹರಣೆ ನೆನಪಿಡಿ. ನಮ್ಮ ಹಿಮಾಲಯದ ಇಂಪೇಷಿಯನ್ಸ್ ಗ್ಲಾಂಡುಲಿಫೆರಾವನ್ನು 1839ರಲ್ಲಿ ಬ್ರಿಟನ್ನಿಗೆ ತೋಟದ ಹೂವಾಗಿ ಒಯ್ದರು. ಈಗ ಅಲ್ಲಿನ ಹೊಳೆದಂಡೆಗಳಲ್ಲಿ ಅದು ಬೇರೆ ಗಿಡಗಳಿಗೆ ಜಾಗ ಬಿಡದ ಕಳೆ. ಸ್ಥಳೀಯ ಅನ್ನುವ ಮಾತಿಗೆ ಅರ್ಥ ಬರುವುದು ಜಾಗದಿಂದ.

ಹೂವಿನ ಭಾಗಗಳು: ಇಲ್ಲಿ ನಿಧಾನವಾಗಿ ಓದಿ

ನನಗೆ ತುಂಬಾ ಹೊತ್ತು ಹಿಡಿದ ಜಾಗ ಇದು. ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ. ಕೈಯಲ್ಲಿ ಒಂದು ಹೂವು ಹಿಡಿದು ಓದಿದರೆ ಬೇಗ ಹಿಡಿತಕ್ಕೆ ಬರುತ್ತದೆ. ಒಣಗಿಸಿದ ಮಾದರಿ ಬೇಡ. ಈ ಹೂವು ಎಷ್ಟು ತೆಳು ಅಂದರೆ, ಒತ್ತಿ ಒಣಗಿಸಿದ ಮೇಲೆ ಭಾಗಗಳು ಒಂದಕ್ಕೊಂದು ಅಂಟಿ ಗುರುತೇ ಸಿಗುವುದಿಲ್ಲ. ಜೋಸೆಫ್ ಡಾಲ್ಟನ್ ಹೂಕರ್ ಅಂಥ ದೊಡ್ಡ ಸಸ್ಯವಿಜ್ಞಾನಿ ತನ್ನ ಕೊನೆಯ ವರ್ಷಗಳನ್ನು, 1911ರಲ್ಲಿ ತೀರಿಕೊಳ್ಳುವವರೆಗೆ, ಇದೇ ಕುಲದ ಗಿಡಗಳನ್ನು ಗುರುತಿಸಿ ವಿಂಗಡಿಸುವುದರಲ್ಲಿ ಕಳೆದರು. ಅವರಿಗೇ ಅಷ್ಟು ಕಷ್ಟವಾಗಿತ್ತು ಅಂದರೆ ನಾವು ಎರಡು ಸಲ ಓದಿದರೆ ತಪ್ಪೇನಿಲ್ಲ.

ಹೂವನ್ನು ಎದುರಿನಿಂದ ನೋಡಿ. ಮೇಲೊಂದು ದಳ. ಎರಡು ಪಕ್ಕದಲ್ಲಿ ಅಗಲವಾದ, ಸೀಳಿರುವ ದಳಗಳು. ಕೆಳಗೆ, ಹಿಂದಕ್ಕೆ ಚಾಚಿದ, ತುದಿಗೆ ಹೋಗುತ್ತಾ ಬಾಗಿದ ಸಣ್ಣ ಕೊಂಬು. ಈ ಕೊಂಬು ಯಾವ ಭಾಗದ್ದು? ಬಣ್ಣ ನೋಡಿದರೆ ದಳದ್ದು ಅಂತಲೇ ಅನಿಸುತ್ತದೆ, ಅಲ್ವಾ? ಅಲ್ಲ. ಅದು ಪುಷ್ಪಪತ್ರದ್ದು.

ಪುಷ್ಪಪತ್ರ ಅಂದರೆ ಹಸಿರು ಅಂತ ಶಾಲೆಯಲ್ಲಿ ಕಲಿತಿರುತ್ತೇವೆ. ಇಲ್ಲಿ ಆ ಗುರುತು ಕೆಲಸಕ್ಕೆ ಬರುವುದಿಲ್ಲ. ಬಣ್ಣ ಬಿಟ್ಟು ಸುತ್ತು ನೋಡಬೇಕು. ಹೂವಿನ ಭಾಗಗಳು ಸುತ್ತು ಸುತ್ತಾಗಿ ಜೋಡಿಸಿಕೊಂಡಿರುತ್ತವೆ: ಎಲ್ಲಕ್ಕಿಂತ ಹೊರಗಿನ ಸುತ್ತು ಪುಷ್ಪಪತ್ರಗಳದ್ದು, ಅದರ ಒಳಗಿನದು ದಳಗಳದ್ದು. ಇನ್ನೂ ಅರಳದ ಮೊಗ್ಗೊಂದನ್ನು ತೆಗೆದುಕೊಳ್ಳಿ. ಕೊಂಬಿರುವ ಭಾಗ ದಳಗಳನ್ನು ಹೊರಗಿನಿಂದ ಅಪ್ಪಿಕೊಂಡಿರುತ್ತದೆ. ಅದರ ಜೊತೆಗೇ ಹೊರಸುತ್ತಿನಲ್ಲಿ, ಅಕ್ಕಪಕ್ಕ, ಎರಡು ಪುಟ್ಟ ಪುಷ್ಪಪತ್ರಗಳು ಕಾಣುತ್ತವೆ. ಮೂರೂ ಒಂದೇ ಸುತ್ತಿನವು. ಒಂದು ಮಾತ್ರ ದೊಡ್ಡದಾಗಿ, ಬಣ್ಣ ಪಡೆದು, ಹಿಂದೆ ಕೊಂಬು ಬೆಳೆಸಿಕೊಂಡಿದೆ.

ಇನ್ನೊಂದು ಗೊಂದಲ. ಒಂದು ಪುಸ್ತಕ ಕೊಂಬಿನ ಭಾಗವನ್ನು ಕೆಳಗಿನ ಪುಷ್ಪಪತ್ರ ಅನ್ನುತ್ತದೆ. ಇನ್ನೊಂದು ಅದನ್ನೇ ಹಿಂಬದಿಯ ಪುಷ್ಪಪತ್ರ ಅನ್ನುತ್ತದೆ. ಹಿಂಬದಿ ಅಂದರೆ ಕಾಂಡದ ಕಡೆಯದು, ಅಂದರೆ ಮೇಲಿರಬೇಕಾದ್ದು. ಇವೆರಡು ಒಂದೇ ಹೇಗಾಗುತ್ತದೆ?

ಉತ್ತರ ತೊಟ್ಟಿನಲ್ಲಿದೆ. ಈ ಪುಷ್ಪಪತ್ರ ಹುಟ್ಟುವುದು ನಿಜವಾಗಿಯೂ ಕಾಂಡದ ಕಡೆಗೇ. ಮೊಗ್ಗು ಬೆಳೆಯುತ್ತಾ ಹೋದಂತೆ ಹೂವಿನ ತೊಟ್ಟು 180 ಡಿಗ್ರಿ ತಿರುಚಿಕೊಳ್ಳುತ್ತದೆ. ಆಗ ಮೇಲಿದ್ದದ್ದು ಕೆಳಗೆ, ಕೆಳಗಿದ್ದದ್ದು ಮೇಲೆ. ನಾವು ನೋಡುವ ಅರಳಿದ ಹೂವು ಪೂರ್ತಿ ತಲೆಕೆಳಗಾದ ಹೂವು. ಮೇಲೆ ಒಂಟಿಯಾಗಿ ನಿಂತ ದಳ ಹುಟ್ಟಿನಲ್ಲಿ ಕೆಳಗಿನದು. ಹೆಚ್ಚಿನ ಆರ್ಕಿಡ್‌ಗಳಲ್ಲೂ ಇದೇ ಆಗುತ್ತದೆ. ಹಾಗಾಗಿ ಓದುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಬರೆದವರು ಹುಟ್ಟಿದ ಜಾಗದ ಮಾತಾಡುತ್ತಿದ್ದಾರೋ, ಅರಳಿದ ಮೇಲಿನ ಜಾಗದ ಮಾತಾಡುತ್ತಿದ್ದಾರೋ? ಇಷ್ಟು ಕೇಳಿಕೊಂಡರೆ ಎರಡೂ ಪುಸ್ತಕ ಸರಿಯಾಗಿಯೇ ಹೇಳುತ್ತಿವೆ ಅಂತ ಗೊತ್ತಾಗುತ್ತದೆ.

ಈಗ ನನ್ನ ಇಷ್ಟದ ಸುಲಭ ದಾರಿ: 5ರ ಲೆಕ್ಕ. ಇಷ್ಟು ವಿಚಿತ್ರವಾಗಿ ಕಾಣುವ ಹೂವಿನ ಒಳಗಿನ ಲೆಕ್ಕ ಎಲ್ಲ ಸುತ್ತಿನಲ್ಲೂ 5ಕ್ಕೇ ಬರುತ್ತದೆ.

ಪುಷ್ಪಪತ್ರ: ಕಾಣುವುದು 3. ಉಳಿದ 2 ಈ ಕುಲದ ಹೆಚ್ಚಿನ ಪ್ರಭೇದಗಳಲ್ಲಿ ಇಲ್ಲವಾಗಿವೆ. ಕೆಲವು ಪ್ರಭೇದಗಳಲ್ಲಿ ಇವತ್ತಿಗೂ 5 ಕಾಣುತ್ತವೆ. ಒಟ್ಟು ಯೋಜನೆ 5.

ದಳ: ಮೇಲೆ ಒಂಟಿ 1. ಪಕ್ಕದ ಒಂದೊಂದು ಅಗಲ ದಳವೂ ಎರಡು ದಳ ಕೂಡಿ ಆದದ್ದು. ಅವು ಸೀಳಿದಂತೆ ಕಾಣುವುದು ಅದಕ್ಕೇ. 1 ಮತ್ತು 2 ಮತ್ತು 2, ಒಟ್ಟು 5.

ಕೇಸರ, ಅಂದರೆ ಪರಾಗ ಕೊಡುವ ಗಂಡು ಭಾಗ, 5. ಕಾಯಿ ಒಡೆದಾಗ ಸುರುಳಿಯಾಗುವ ಹೋಳುಗಳೂ 5.

ಯಾವುದೇ ಇಂಪೇಷಿಯನ್ಸ್ ಸಿಕ್ಕರೂ ಮೊದಲು ಈ ಲೆಕ್ಕ ಹಾಕಿ. ಲೆಕ್ಕ ಕೂಡಿ ಬಂದರೆ ಭಾಗಗಳನ್ನು ಸರಿಯಾಗಿ ಗುರುತಿಸಿದ್ದೀರಿ ಅಂತ ಅರ್ಥ. ದಳ 3 ಬಂದರೆ ಕೂಡಿಕೊಂಡ ಒಂದೊಂದು ಜೋಡಿಯನ್ನೂ ಒಂದೇ ದಳ ಅಂತ ಎಣಿಸಿರುತ್ತೀರಿ. 6 ಬಂದರೆ ಬಣ್ಣ ನೋಡಿ ಕೊಂಬಿನ ಪುಷ್ಪಪತ್ರವನ್ನೂ ದಳಕ್ಕೆ ಸೇರಿಸಿರುತ್ತೀರಿ.

ಮೊದಲು ಗಂಡು, ಆಮೇಲೆ ಹೆಣ್ಣು

ಹೂವಿನ ಬಾಯಿಯ ಒಳಗೆ, ಮೇಲ್ಭಾಗದಲ್ಲಿ, ಒಂದು ಚಿಕ್ಕ ಬೆಳ್ಳನೆಯ ಗುಬುಟು ಕಾಣುತ್ತದೆ. 5 ಕೇಸರಗಳ ಪರಾಗಕೋಶಗಳು ಕೂಡಿ ಅಂಡಾಶಯದ ತಲೆಯ ಮೇಲೆ ಕೂತ ಟೊಪ್ಪಿಯಂತೆ ಇರುತ್ತವೆ. ಅದರೊಳಗೆ ಶಲಾಕಾಗ್ರ, ಅಂದರೆ ಪರಾಗ ಪಡೆಯುವ ಹೆಣ್ಣು ಭಾಗದ ತುದಿ, ಮುಚ್ಚಿಕೊಂಡಿರುತ್ತದೆ. ಈ ಹಂತದಲ್ಲಿ ಹೂವು ಪರಾಗ ಕೊಡುತ್ತದೆ, ಪಡೆಯುವುದಿಲ್ಲ. ಇದು ಗಂಡು ಹಂತ.

ಆಮೇಲೆ ಕೆಳಗಿನ ಅಂಡಾಶಯ ಬೆಳೆಯುತ್ತಾ ಕೇಸರಗಳ ಬುಡ ಕಳಚುತ್ತದೆ. ಆ ಗುಬುಟು ಇಡಿಯಾಗಿ ಉದುರುತ್ತದೆ. ಈಗ ಶಲಾಕಾಗ್ರ ತೆರೆದುಕೊಳ್ಳುತ್ತದೆ. ಇದು ಹೆಣ್ಣು ಹಂತ. ಹಾಗಾಗಿ ಒಂದು ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟುವುದು ಕಷ್ಟ. ಕೀಟ ಬರಲೇಬೇಕು.

ಕೀಟದ ದಾರಿ ನೋಡಿ. ಮಕರಂದ ಇರುವುದು ಕೊಂಬಿನ ತುದಿಯಲ್ಲಿ. ಜೇನು ಪಕ್ಕದ ಅಗಲ ದಳಗಳ ಮೇಲೆ ಇಳಿದು, ತಲೆ ಒಳಗೆ ತೂರಿಸಿ, ನಾಲಿಗೆ ಕೊಂಬಿನೊಳಗೆ ಚಾಚುತ್ತದೆ. ಆಗ ಅದರ ಬೆನ್ನು ಮೇಲ್ಗಡೆಯ ಪರಾಗಕ್ಕೆ ತಾಗುತ್ತದೆ. ಮುಂದಿನ ಹೂವು ಹೆಣ್ಣು ಹಂತದಲ್ಲಿದ್ದರೆ ಅದೇ ಜಾಗದಲ್ಲಿ ಶಲಾಕಾಗ್ರ ಇರುತ್ತದೆ. ಬೆನ್ನಿನ ಪರಾಗ ಸರಿಯಾಗಿ ಅಲ್ಲಿಗೇ ಮೆತ್ತಿಕೊಳ್ಳುತ್ತದೆ. ತೊಟ್ಟು ತಿರುಚಿಕೊಂಡು ಕೊಂಬು ಕೆಳಗೆ ಬಂದದ್ದು ಯಾಕೆ ಅನ್ನುವುದು ಇಲ್ಲಿ ಅರ್ಥವಾಗುತ್ತದೆ. ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಖುಷಿ ಕೊಟ್ಟ ಜಾಗ ಇದೇ.

ತೋಟ ಮಾಡುವವರಿಗೆ ಇದರಿಂದ ಎರಡು ಪಾಠ. ಒಂದು, ಒಂಟಿ ಗಿಡ ನೆಡಬೇಡಿ. ಒಂದೇ ಗಿಡದಲ್ಲೂ ಎರಡೂ ಹಂತದ ಹೂಗಳಿರುತ್ತವೆ, ಕಾಯಿಯೂ ಕಟ್ಟುತ್ತದೆ. ಆದರೆ ಬೇರೆ ಬೇರೆ ಬೀಜದಿಂದ ಬಂದ ಏಳೆಂಟು ಗಿಡ ಒಟ್ಟಿಗಿದ್ದರೆ ಪರಾಗ ಗಿಡದಿಂದ ಗಿಡಕ್ಕೆ ಹೋಗುತ್ತದೆ, ಕೀಟಕ್ಕೂ ಒಂದೇ ಕಡೆ ಬೇಕಾದಷ್ಟು ಮಕರಂದ ಸಿಗುತ್ತದೆ. ಎರಡು, ಒಂಟಿ ಸುತ್ತಿನ ಹೂವನ್ನೇ ಆರಿಸಿ. ಗುಲಾಬಿಯ ಹಾಗೆ ಕಾಣಲಿ ಅಂತ ಬೆಳೆಸಿದ ಬಹುದಳದ ತಳಿಗಳಲ್ಲಿ ಬಾಯಿ ದಳಗಳಿಂದಲೇ ಮುಚ್ಚಿಹೋಗಿರುತ್ತದೆ. ನೋಡುವವರಿಗೆ ಹಬ್ಬ, ಜೇನಿಗೆ ಉಪವಾಸ. ಪರಾಗಸ್ಪರ್ಶಿಗಳಿಗಾಗಿ ತೋಟ ಮಾಡುವುದಾದರೆ ಆ ಬೀಜದ ಪ್ಯಾಕೆಟ್ ಕೊಳ್ಳಲೇಬೇಡಿ.

ಯಾರು ಬರುತ್ತಾರೆ

ತುಡುವೆ ಜೇನು, ಚಿಟ್ಟೆಗಳು, ಮುಸ್ಸಂಜೆಯಲ್ಲಿ ಹಾಕ್ ಮಾತ್ ಅನ್ನುವ ದೊಡ್ಡ ಪತಂಗಗಳು. ಹೊಟ್ಟೆಯ ಮೇಲೆ ನೀಲಿ ಪಟ್ಟಿಯಿರುವ ಅಮೆಗಿಲ್ಲಾ ಜೇನಿಗೆ ಉದ್ದ ನಾಲಿಗೆ, ಕೊಂಬಿನ ಹೂಗಳಿಗೆ ಹೇಳಿ ಮಾಡಿಸಿದ್ದು. ಅದು ಗೂಡು ಮಾಡುವುದು ಮಣ್ಣಿನಲ್ಲಿ. ಹಿತ್ತಲಿಗೆಲ್ಲ ಸಿಮೆಂಟ್ ಹಾಕದೆ ಒಂದಿಷ್ಟು ಬರಿ ನೆಲ ಉಳಿಸಿ. ಎಲೆಯ ತೊಟ್ಟಿನ ಮೇಲೂ ಸಣ್ಣ ಸಣ್ಣ ಗ್ರಂಥಿಗಳಿವೆ, ಅವೂ ಸಿಹಿ ಒಸರುತ್ತವೆ. ಹೂವಿಲ್ಲದ ಗಿಡದಲ್ಲೂ ಇರುವೆ ಓಡಾಡುತ್ತಿದ್ದರೆ ಕಾರಣ ಇದು.

ಎಲೆ ತಿಂದು ಹಾಕುವ, ಹಿಂಬದಿಯಲ್ಲಿ ಸಣ್ಣ ಬಾಲದಂಥ ಕೊಂಬಿರುವ ಹುಳು ಕಂಡರೆ ಔಷಧಿ ಹೊಡೆಯಬೇಡಿ. ಅದು ಆ ಹಾಕ್ ಮಾತ್‌ಗಳದ್ದೇ ಮರಿ. ಥೆರೆಟ್ರಾ ಓಲ್ಡನ್‌ಲಾಂಡಿಯೈ ಮತ್ತು ಹಿಪ್ಪೋಷನ್ ಸೆಲೆರಿಯೋ, ಎರಡೂ ಕರ್ಣಕುಂಡಲದ ಎಲೆ ತಿನ್ನುತ್ತವೆ. ಮೊದಲನೆಯದು ನಡೆಯುವಾಗ ಆ ಕೊಂಬನ್ನು ಹಿಂದೆ ಮುಂದೆ ಆಡಿಸುತ್ತದೆ. ಒಂದೆರಡು ಗಿಡ ಬೋಳಾದರೂ ಪರವಾಗಿಲ್ಲ, ಮಳೆಗಾಲದಲ್ಲಿ ಬೇಗ ಚಿಗುರುತ್ತವೆ. ಈ ಹುಳುಗಳು ಕೋಶ ಕಟ್ಟುವುದು ನೆಲದಲ್ಲಿ, ತರಗೆಲೆಯ ನಡುವೆ. ಗುಡಿಸಿ ಸುಡದೆ ಬಿಟ್ಟರೆ ಸಾಕು.

ನರ್ಸರಿಯಲ್ಲಿ ಗುರುತು

ಕರ್ಣಕುಂಡಲದ ಎಲೆ ಕಿರಿದು, ಉದ್ದ, ಅಂಚು ಗರಗಸದಂತೆ. ಹೂವು ಎಲೆಯ ಕಂಕುಳಲ್ಲೇ ಕಾಂಡಕ್ಕೆ ಹತ್ತಿರವಾಗಿ ಬರುತ್ತದೆ. ಕಾಯಿಯ ಮೇಲೆ ಮೃದುವಾದ ರೋಮ. ವಾಲೆರಿಯಾನಾದ ಎಲೆ ಅಗಲ, ಹೂವು ಚಪ್ಪಟೆ, ಕೊಂಬು ದಾರದಷ್ಟು ಸಪೂರ, ಕಾಯಿ ನುಣುಪು. ಕಾಯಿ ಮುಟ್ಟಿ ನೋಡುವುದೇ ಬೇಗದ ದಾರಿ. ಕಾಡಿನ ಬೇರೆ ಪ್ರಭೇದಗಳನ್ನು ಮಾತ್ರ ಕಿತ್ತು ತರಬೇಡಿ. ಅವು ಮನೆಯಲ್ಲಿ ಬದುಕುವುದಿಲ್ಲ, ಅಲ್ಲೂ ಕಡಿಮೆಯಾಗುತ್ತವೆ.

ನೆಡುವುದು

ಇದು ಸುಲಭ. ಮುಂಗಾರು ಹಿಡಿದ ಮೇಲೆ ಬೀಜ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು. ಗಿಡದಿಂದ ಗಿಡಕ್ಕೆ ಒಂದು ಅಡಿ. ಸುಮಾರು ಎರಡು ತಿಂಗಳಿಗೆ ಹೂವು. ಅಡಿಕೆ ತೋಟದೊಳಗೆ ಬೀಳುವಷ್ಟು ಬೆಳಕು, ಅಥವಾ ಬೆಳಗಿನ ಎಳೆ ಬಿಸಿಲು ಸಿಗುವ ಜಾಗ ಒಳ್ಳೆಯದು. ದಟ್ಟ ಮಾವಿನ ಮರದ ಬುಡದ ಕತ್ತಲೆಯಲ್ಲಿ ಗಿಡ ಸುಮ್ನೆ ಉದ್ದ ಬೆಳೆಯುತ್ತದೆ, ಹೂವು ಕಡಿಮೆ. ಕಾಂಡದ ತುಂಬಾ ನೀರೇ ಇರುವುದರಿಂದ ಮಳೆ ಕೈಕೊಟ್ಟರೆ ಬೇಗ ಬಾಡುತ್ತದೆ, ನೀರು ನಿಂತರೆ ಅಷ್ಟೇ ಬೇಗ ಕೊಳೆಯುತ್ತದೆ. ಮಳೆ ಮುಗಿಯುವ ಹೊತ್ತಿಗೆ ಎಲೆಯ ಮೇಲೆ ಬೂದಿ ರೋಗ ಕಂಡರೆ ಆ ಎಲೆಗಳನ್ನು ಕಿತ್ತುಹಾಕಿ.

ಇದು ಒಂದು ವರ್ಷದ ಗಿಡ. ಮುಂದಿನ ವರ್ಷಕ್ಕೆ ಬೀಜ ಬೇಕೆಂದರೆ ಕಾಯಿ ಸಿಡಿಯುವ ಮೊದಲೇ ಹಿಡಿಯಬೇಕು. ಬಲಿತ ಕಾಯಿಯ ಹೋಳುಗಳು ಬಿಗಿಯಾಗಿರುತ್ತವೆ, ಸ್ವಲ್ಪ ತಾಗಿದರೂ ಒಮ್ಮೆಗೇ ಒಳಕ್ಕೆ ಸುರುಳಿಯಾಗಿ ಬೀಜ ಚಿಮ್ಮಿಸುತ್ತವೆ. ಕಾಯಿ ದಪ್ಪಗಾಗಿ ಹಸಿರು ಸ್ವಲ್ಪ ಮಾಸಿದ ಮೇಲೆ, ಕೈಯನ್ನು ಇಡಿಯಾಗಿ ಅದರ ಸುತ್ತ ಮುಚ್ಚಿ, ಆಮೇಲೆ ಒತ್ತಿ. ಬೀಜ ಅಂಗೈಯಲ್ಲೇ ಉಳಿಯುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಇಡಿ. ಎಲ್ಲ ಕಾಯಿಯನ್ನೂ ಕೀಳಬೇಡಿ. ನೆಲಕ್ಕೆ ಸಿಡಿದ ಬೀಜ ಮುಂದಿನ ಮಳೆಗೆ ತಾನೇ ಹುಟ್ಟುತ್ತದೆ, ಎಷ್ಟೋ ಸಲ ನಾವು ಆರಿಸಿದ್ದಕ್ಕಿಂತ ಒಳ್ಳೆಯ ಜಾಗದಲ್ಲಿ.